ಕೆರೆಯಲಾರದ ಕೈ

ಪ್ರಯೋಗಾಲಯದಲ್ಲಿ ಅವಳಿಗೆ ಕುಕ್ಕರ್ ಎಂದು ಹೆಸರು. ಇಟ್ಟವರು ಯಾರೆಂದು ಕೇಳಿದರೆ ಒಬ್ಬರೂ ಬಾಯಿ ಬಿಡುವುದಿಲ್ಲ, ಆದರೆ ಹೆಸರಿನಲ್ಲಿ ಸುಳ್ಳೇನೂ ಇಲ್ಲ. ಸಿಟ್ಟು ಬರುವ ಮುಂಚೆ ಅವಳ ಮೂಗಿನಿಂದ ಸುಯ್ ಎಂದು ಉದ್ದನೆಯ ಉಸಿರೊಂದು ಹೊರಡುತ್ತದೆ. ಅದು ಕಿವಿಗೆ ಬಿದ್ದದ್ದೇ ತಡ, ಸಂಶೋಧನೆ ಮಾಡಲು ಬಂದ ಹುಡುಗ ಹುಡುಗಿಯರು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಕಾರಿಡಾರಿಗೆ ಜಾರಿಕೊಳ್ಳುತ್ತಾರೆ. ಕೈಗವಸು ಬದಲಿಸದೆ ಬೆಚ್ಚಗಿನ ಪೆಟ್ಟಿಗೆಯ ಬಾಗಿಲು ತೆಗೆದವರು, ಬಾಟಲಿಯ ಮುಚ್ಚಳವನ್ನು ಮೇಜಿನ ಮೇಲೆ ಬಿಸಾಕಿದವರು, ಗಾಜಿನ ಗೂಡಿನೊಳಗೆ ಕೈಯಿಟ್ಟುಕೊಂಡೇ ಹರಟೆ ಹೊಡೆಯುವವರು, ಯಾರನ್ನೂ ಅವಳು ಸುಮ್ಮನೆ ಬಿಟ್ಟದ್ದಿಲ್ಲ. ಅವಳ ಕೈಲಿ ಬೈಸಿಕೊಳ್ಳದೆ ಅಲ್ಲಿ ಡಾಕ್ಟರೇಟ್ ಪಡೆದವರಿಲ್ಲ ಎನ್ನುವುದು ಅಲ್ಲಿನ ತಮಾಷೆ. ತಮಾಷೆಯಾದರೂ ನಿಜ.

ಅವಳ ಕೆಲಸ ಕೋಶಗಳನ್ನು ಸಾಕುವುದು. ರಕ್ತನಾಳದ ಒಳಮೈಗೆ ಹೆಂಚಿನ ಹಾಗೆ ಸಾಲಾಗಿ ಹಾಸಿಕೊಂಡಿರುವ ಕೋಶಗಳಿವೆಯಲ್ಲ, ಅವನ್ನು ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬೆಳೆಸಬೇಕು, ಗುಲಾಬಿ ಬಣ್ಣದ ಪೋಷಕ ದ್ರವ ಹಾಕಬೇಕು, ಹಳೆಯದನ್ನು ಹೀರಿ ತೆಗೆದು ಹೊಸದು ಕೊಡಬೇಕು. ತಟ್ಟೆಯೊಳಗೆ ಒಂದು ಕಣ ಕೊಳೆ ಬಿದ್ದರೂ ವಾರಗಳ ಶ್ರಮ ನೀರುಪಾಲು. ಜನರನ್ನು ಬೈದ ಅದೇ ಬಾಯಲ್ಲಿ ಅವಳು ಈ ತಟ್ಟೆಗಳ ಜೊತೆ ಮಾತಾಡುವುದನ್ನು ಕೇಳಬೇಕು. ಬೆಳಿಗ್ಗೆ ಪೆಟ್ಟಿಗೆಯ ಬಾಗಿಲು ತೆಗೆಯುತ್ತಲೇ ‘ಬಂದೆ ಮರಿ, ಹಸಿವಾಯ್ತಾ’ ಎನ್ನುತ್ತಾಳೆ. ಹುಡುಗರು ಬಾಗಿಲ ಆಚೆ ನಿಂತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಾರೆ. ಮನೆಯಲ್ಲಿ ಅವಳ ಗಂಡ, ಶಾಲೆಯ ವ್ಯಾನ್ ಓಡಿಸುವ ಮನುಷ್ಯ, ಇದನ್ನು ಕೇಳಿದವನೇ ಮುಂದಿನ ಜನ್ಮದಲ್ಲಿ ತಟ್ಟೆಯಾಗಿ ಹುಟ್ಟುತ್ತೇನೆ ಎಂದಿದ್ದ. ಆ ಮಾತಿಗೆ ಅವಳು ಎರಡು ದಿನ ಅವನಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ.

ಆ ಪ್ರಯೋಗಾಲಯದ ಬದುಕೆಲ್ಲ ಒಂದು ಕೊಕ್ಕೆಯ ಸುತ್ತ ನಡೆಯುತ್ತದೆ. ಪುಸ್ತಕದಲ್ಲಿ ಅದಕ್ಕೆ ಗ್ರಾಹಕ ಎನ್ನುತ್ತಾರೆ, ಹುಡುಗರು ರಿಸೆಪ್ಟರ್ ಎನ್ನುತ್ತಾರೆ, ಕುಕ್ಕರ್ ಮಾತ್ರ ಮೊದಲ ದಿನದಿಂದ ಕೊಕ್ಕೆ ಎಂದೇ ಕರೆದವಳು. ಗಾಯವಾದಾಗ ರಕ್ತ ಹೆಪ್ಪುಗಟ್ಟುತ್ತದೆ, ಗಟ್ಟಲೇಬೇಕು. ಹೆಪ್ಪು ಎಂದರೆ ಸಣ್ಣ ಸಣ್ಣ ನೂಲುಗಳ ಬಲೆ. ಕೆಲಸ ಮುಗಿದ ಮೇಲೆ ಆ ಬಲೆಯನ್ನು ಯಾರಾದರೂ ಕತ್ತರಿಸಬೇಕು, ಇಲ್ಲದಿದ್ದರೆ ರಕ್ತ ಹರಿಯುವ ದಾರಿಯೇ ಮುಚ್ಚಿಹೋಗುತ್ತದೆ. ಕತ್ತರಿಸುವ ಕತ್ತರಿ ರಕ್ತದಲ್ಲೇ ಓಡಾಡಿಕೊಂಡಿರುತ್ತದೆ, ಆದರೆ ನಿದ್ದೆಯಲ್ಲಿ. ಅದನ್ನು ಎಬ್ಬಿಸುವವನೂ ಅದೇ ರಕ್ತದಲ್ಲಿದ್ದಾನೆ. ಹರಿಯುವ ರಕ್ತದಲ್ಲಿ ಇವರಿಬ್ಬರೂ ಒಬ್ಬರನ್ನೊಬ್ಬರು ಹಾದುಹೋಗುವುದೇ ಹೆಚ್ಚು, ಸಂತೆಯಲ್ಲಿ ಬೇಕಾದವರು ಕಣ್ಣಿಗೆ ಬೀಳದ ಹಾಗೆ. ಹೆಪ್ಪಿನ ನೂಲಿನ ಮೇಲೆ ಒಂದಷ್ಟು ಭೇಟಿ ನಡೆಯುತ್ತದೆ. ಇನ್ನೊಂದು ಜಾಗ ಕೋಶದ ಮೈ. ಅಲ್ಲಿರುವ ಕೊಕ್ಕೆ ಇಬ್ಬರನ್ನೂ ಹಿಡಿದು ಪಕ್ಕಪಕ್ಕದಲ್ಲಿ ಕೂರಿಸುತ್ತದೆ. ಆಗ ಎಬ್ಬಿಸುವ ಕೆಲಸ ಚಕಚಕನೆ ಆಗುತ್ತದೆ. ಎಚ್ಚರಾದ ಕತ್ತರಿಯನ್ನು ಹಿಡಿದು ಸುಮ್ಮನಾಗಿಸುವ ಕಾವಲಿನವರೂ ರಕ್ತದಲ್ಲಿದ್ದಾರೆ, ಆದರೆ ಅದು ಕೊಕ್ಕೆಯಲ್ಲಿ ಕೂತಿರುವಷ್ಟು ಹೊತ್ತು ಅವರ ಕಾಟ ಕಡಿಮೆ.

ಪ್ರಯೋಗಾಲಯದ ಮುಖ್ಯಸ್ಥರನ್ನು ಎಲ್ಲರೂ ಸರ್ ಎನ್ನುತ್ತಾರೆ. ಮತ್ತೆ ಮತ್ತೆ ಹೆಪ್ಪುಗಟ್ಟುವ ಜನರ ಕೋಶಗಳ ಮೇಲೆ ಈ ಕೊಕ್ಕೆಗಳು ಕಡಿಮೆ ಇರುತ್ತವೆಯೇ ಎಂದು ಎಣಿಸಿ ನೋಡುವುದು ಅವರ ಕೆಲಸ. ಎಣಿಸಬೇಕಾದರೆ ತಟ್ಟೆಗೆ ಅಂಟಿಕೊಂಡ ಕೋಶಗಳನ್ನು ಮೊದಲು ಬಿಡಿಸಿ ಎಬ್ಬಿಸಬೇಕು, ಹೊಳೆಯುವ ಬಣ್ಣ ಹಚ್ಚಬೇಕು, ಯಂತ್ರದಲ್ಲಿ ಹಾಯಿಸಬೇಕು. ಎಬ್ಬಿಸುವುದಕ್ಕೆ ಎರಡು ದ್ರವಗಳಿವೆ. ಒಂದು ಕತ್ತರಿಸುವ ದ್ರವ, ಅದು ಕೋಶ ಹಿಡಿದುಕೊಂಡ ಬೇರನ್ನೇ ಕಚಕ್ಕನೆ ಕತ್ತರಿಸುತ್ತದೆ. ಕೊಕ್ಕೆಗೂ ಕತ್ತರಿ ಬೀಳುತ್ತದೆಂದು ಎಣಿಕೆಗೆ ಅದನ್ನು ಮುಟ್ಟುವುದಿಲ್ಲ. ಇನ್ನೊಂದು ಮೆತ್ತಗಿನ ದ್ರವ, ಅದರಲ್ಲಿ ಕೋಶಗಳು ತಾವಾಗಿಯೇ ಹಿಡಿತ ಬಿಟ್ಟು ತೇಲುತ್ತವೆ. ಇವೆರಡೂ ಬೇಡ, ಎಣಿಕೆಯ ಕೋಶಗಳನ್ನು ಕೆರೆದೇ ಎಬ್ಬಿಸಬೇಕು ಎನ್ನುವುದು ಸರ್ ಹಾಕಿದ ನಿಯಮ. ಕಡ್ಡಿಯ ತುದಿಗೆ ರಬ್ಬರಿನ ಅಂಚಿರುತ್ತದೆ. ತಳ ಹಿಡಿದ ಪಾತ್ರೆಯನ್ನು ಕೆರೆದ ಹಾಗೆ ಕೆರೆಯಬೇಕು. ಕೆರೆದಾಗ ಒಂದಷ್ಟು ಕೋಶಗಳು ಹರಿದು ಸಾಯುತ್ತವೆ, ಉಳಿದವು ಸಾಕು. ಯಾಕೆ ಹೀಗೆ ಎಂದು ಅವಳು ಕೇಳಿದವಳಲ್ಲ. ನಿಯಮ ಮುರಿದ ಹುಡುಗರನ್ನು ಮಾತ್ರ ಹಿಡಿದು ಜಾಡಿಸುತ್ತಿದ್ದಳು.

ಅವಳ ಮಗಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಾಳೆ. ಬೆಳಿಗ್ಗೆ ಕೂತರೆ ಸಂಜೆ ಏಳುವ ಕೆಲಸ. ಮದುವೆಯಾಗಿ ವರ್ಷ ತುಂಬುವ ಹೊತ್ತಿಗೆ ಅವಳ ಎಡಗಾಲು ಊದಿ ಕೆಂಪಗಾಯಿತು. ಹೆಪ್ಪು ಎಂದರು, ರಕ್ತ ತೆಳುವಾಗುವ ಮಾತ್ರೆ ಕೊಟ್ಟರು. ಆ ಮಾತ್ರೆ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೇ, ಕರಗಿಸುವ ಕೆಲಸ ದೇಹದ್ದೇ ಎಂದು ಡಾಕ್ಟರ್ ತಿಳಿಸಿ ಹೇಳಿದರು. ಗುಣವಾಯಿತು, ಮಾತ್ರೆ ನಿಂತಿತು. ಮಗು ಮಾಡಿಕೊಳ್ಳುವ ಮಾತು ಶುರುವಾಗುವಾಗ ಅದೇ ಕಾಲಿಗೆ ಮತ್ತೆ ಬಂತು. ಎರಡನೇ ಸಲ ಬಂದಾಗ ಕುಕ್ಕರ್ ಉರಿದುಬಿದ್ದಳು. ಡಾಕ್ಟರನ್ನು ಬೈದಳು, ನಿಲ್ದಾಣದ ಕುರ್ಚಿಯನ್ನು ಬೈದಳು, ಊದಿದ ಕಾಲನ್ನು ಮೂರು ದಿನ ಮುಚ್ಚಿಟ್ಟುಕೊಂಡಿದ್ದಕ್ಕೆ ಹಾಸಿಗೆಯಲ್ಲಿದ್ದ ಮಗಳನ್ನೇ ಬೈದಳು. ಮಗಳು ಗೋಡೆಯ ಕಡೆ ತಿರುಗಿ ಮಲಗಿದಳು.

ಎಲ್ಲರಿಗಿಂತ ಹೆಚ್ಚು ಸಿಟ್ಟು ಇದ್ದದ್ದು ನಾದಿನಿಯ ಮೇಲೆ. ನಾದಿನಿ ತನ್ನ ಮನೆಯ ಮುಂದಿನ ಕೋಣೆಯಲ್ಲಿ, ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳುತ್ತಾಳೆ. ಮೆತ್ತಗಿನ ಮಾತು, ಜೋರಾಗಿ ಕೆಮ್ಮಿದರೂ ಕ್ಷಮಿಸಿ ಎನ್ನುವ ಜಾತಿ. ಕುಕ್ಕರ್ ತಟ್ಟೆಗಳ ಮುಂದೆ ಕೂತಿದ್ದ ವರ್ಷಗಳಲ್ಲಿ ಮಗಳು ಬೆಳೆದದ್ದು ಈ ಸೋದರತ್ತೆಯ ಮನೆಯಲ್ಲೇ. ಜ್ವರ ಬಂದರೆ ಅಲ್ಲಿಗೆ, ಗಂಡನ ಜೊತೆ ಮುನಿಸಾದರೆ ಅಲ್ಲಿಗೆ. ಇದು ತಾಯಿಯ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತ್ತು. ಅದಕ್ಕೆ ತಕ್ಕ ಹಾಗೆ, ತನ್ನ ಅತ್ತೆ, ಅಂದರೆ ನಾದಿನಿಯ ತಾಯಿ, ಸತ್ತದ್ದು ಶ್ವಾಸಕೋಶಕ್ಕೆ ಹೆಪ್ಪು ಸೇರಿ. ಇದು ಆ ಮನೆಯ ರಕ್ತದ ದೋಷ ಎಂದು ಕುಕ್ಕರ್ ಮನಸ್ಸಿನಲ್ಲೇ ತೀರ್ಪು ಬರೆದುಬಿಟ್ಟಿದ್ದಳು, ಸಾಕ್ಷಿಯೊಂದು ಬೇಕಿತ್ತು ಅಷ್ಟೇ.

ಹಾಗಾಗಿ ಮಗಳನ್ನು ಅವಳೇ ಒತ್ತಾಯ ಮಾಡಿ ಪ್ರಯೋಗಾಲಯಕ್ಕೆ ಕರೆತಂದು ರಕ್ತ ಕೊಡಿಸಿದಳು. ಯಾರ ರಕ್ತವೆಂದು ಕೆಲಸ ಮಾಡುವವರಿಗೆ ತಿಳಿಯಬಾರದು, ಟ್ಯೂಬಿನ ಮೇಲೆ ಬರೀ ಸಂಖ್ಯೆ ಇರುತ್ತದೆ. ಆದರೆ ಆ ದಿನ ರಕ್ತ ಕೊಟ್ಟದ್ದು ಮಗಳೊಬ್ಬಳೇ, ಇನ್ನು ಸಂಖ್ಯೆಯ ಮರೆ ಎಲ್ಲಿ ಬಂತು. ರಕ್ತದಿಂದ ನಾಳದ ಕೋಶಗಳನ್ನು ಬೆಳೆಸುವುದು ಸುಲಭವಲ್ಲ. ವಾರಗಟ್ಟಲೆ ಕಾದರೂ ತಟ್ಟೆಯಲ್ಲಿ ಏನೂ ಕಾಣಲಿಲ್ಲ. ಒಂದು ಬೆಳಿಗ್ಗೆ ಸೂಕ್ಷ್ಮದರ್ಶಕದಡಿ ನೋಡಿದರೆ, ಒಂದು ಮೂಲೆಯಲ್ಲಿ ನಾಲ್ಕಾರು ಕೋಶಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಅವಳಿಗೆ ಕಣ್ಣು ತುಂಬಿ ಬಂತು. ಯಾರೂ ನೋಡಲಿಲ್ಲ ಎಂದು ಖಾತ್ರಿ ಮಾಡಿಕೊಂಡು, ಎದುರಿಗೆ ಸಿಕ್ಕಿದವನಿಗೆ ಕಸದ ಬುಟ್ಟಿ ತುಂಬಿದ್ದಕ್ಕೆ ಬೈದಳು.

ಆ ಕೋಶಗಳು ಹೆಚ್ಚಿ ಎರಡು ತಟ್ಟೆ ತುಂಬಿದವು. ಎಣಿಕೆಯ ದಿನ ಅವಳು ಒಂದು ತಟ್ಟೆಯನ್ನು ಗಾಜಿನ ಗೂಡಿನಲ್ಲಿಟ್ಟು ಕಡ್ಡಿ ಕೈಗೆತ್ತಿಕೊಂಡಳು. ಸಾವಿರಾರು ತಟ್ಟೆ ಕೆರೆದ ಕೈ ಅದು. ಅಂದು ಮೇಲೇಳಲಿಲ್ಲ. ಕೆರೆದರೆ ಹರಿಯುತ್ತವೆ, ಸಾಯುತ್ತವೆ. ಬೇರೆಯವರ ಕೋಶ ಹರಿದಾಗ ಅವಳಿಗೆ ಏನೂ ಅನಿಸಿರಲಿಲ್ಲ. ಕಡ್ಡಿ ಕೆಳಗಿಟ್ಟಳು. ಮೆತ್ತಗಿನ ದ್ರವ ಏನನ್ನೂ ಕತ್ತರಿಸುವುದಿಲ್ಲವಲ್ಲ, ಅದರಿಂದ ಯಾರಿಗೇನು ನಷ್ಟ ಎಂದುಕೊಂಡು ಆ ಬಾಟಲಿ ತೆಗೆದಳು. ಕೋಶಗಳು ಒಂದೊಂದಾಗಿ ಹಿಡಿತ ಬಿಟ್ಟು ತೇಲಿದವು. ‘ಜಾಣ ಮರಿ’ ಎಂದಳು. ಈ ವಿಷಯ ಸರ್‌ಗೆ ಹೇಳಲಿಲ್ಲ, ಹೇಳಬೇಕೆಂದು ಅನಿಸಲೂ ಇಲ್ಲ.

ಯಂತ್ರದ ಪರದೆಯ ಮೇಲೆ ಉತ್ತರ ಬಂತು. ಆ ಕೋಶಗಳ ಮೇಲೆ ಕೊಕ್ಕೆಗಳೇ ಇಲ್ಲವೆನ್ನುವಷ್ಟು ಕಡಿಮೆ. ಸರ್ ತುಂಬ ಹೊತ್ತು ಗಡ್ಡ ಕೆರೆದುಕೊಂಡರು. ಇಷ್ಟು ಕಡಿಮೆ ತಾವು ಎಲ್ಲೂ ನೋಡಿಲ್ಲವೆಂದರು, ಮತ್ತೊಮ್ಮೆ ಮಾಡಿ ನೋಡದೆ ನಂಬಬಾರದೆಂದರು, ಅಲ್ಲಿಯವರೆಗೆ ಮಾತು ಈ ಕೋಣೆ ದಾಟಬಾರದೆಂದರು. ಅವಳು ತಲೆಯಾಡಿಸಿದಳು. ತಲೆ ಆಡಿತು, ಮನಸ್ಸು ಆಗಲೇ ನಾದಿನಿಯ ಮನೆಯ ದಾರಿ ಹಿಡಿದಿತ್ತು.

ಭಾನುವಾರ ನಾದಿನಿ ಬಾಗಿಲ ಮುಂದೆ ಕೂಸುಗಳ ಬಟ್ಟೆ ಒಣಗಿಸುತ್ತಿದ್ದಳು. ಮಗಳು ಕಾಲುನೋವೆಂದು ಇಲ್ಲಿ ಬಂದು ಮಲಗಿದ್ದಾಳೆ, ಎಬ್ಬಿಸಬೇಡಿ ಅತ್ತಿಗೆ ಎಂದಳು. ಎಬ್ಬಿಸಬೇಡಿ ಎನ್ನಲು ಇವಳು ಯಾರು! ಸುಯ್ ಎಂದು ಉಸಿರು ಹೊರಟಿತು. ಆಮೇಲೆ ನಡೆದದ್ದು ಜಗಳವೂ ಅಲ್ಲ, ಜಗಳಕ್ಕೆ ಇಬ್ಬರು ಬೇಕು. ಕುಕ್ಕರ್ ಒಬ್ಬಳೇ ಬೀದಿಗೆ ಕೇಳುವ ಹಾಗೆ ಕೂಗಾಡಿದಳು.

“ನಿಮ್ಮ ಮನೆ ರಕ್ತದಲ್ಲೇ ಕೊಕ್ಕೆ ಇಲ್ಲ, ಗೊತ್ತಾಯ್ತಾ? ಹೆಪ್ಪು ಕರಗಿಸೋ ಯೋಗ್ಯತೆನೇ ಇಲ್ಲ. ನಿಮ್ಮಮ್ಮ ಅದರಲ್ಲೇ ಹೋದ್ರು, ಈಗ ನನ್ನ ಮಗಳಿಗೂ ಅದನ್ನೇ ಅಂಟಿಸಿದ್ರಿ. ನಾನು ಕಣ್ಣಾರೆ ನೋಡಿದ್ದೀನಿ.”

ನಾದಿನಿ ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಅವಳ ಹಿಂದೆ ಬಾಗಿಲಲ್ಲಿ ಮಗಳು ಕಾಣಿಸಿಕೊಂಡಳು, ಕೂದಲು ಕೆದರಿತ್ತು, ಒಂದು ಕಾಲು ಊರದೆ ಚೌಕಟ್ಟು ಹಿಡಿದಿದ್ದಳು. ಒಂದೇ ಒಂದು ಪ್ರಶ್ನೆ ಕೇಳಿದಳು.

“ನನಗೆ ಮಗು ಆದ್ರೆ ಅದಕ್ಕೂ ಹೀಗೇನಾ ಅಮ್ಮ?”

“ಮತ್ತಿನ್ನೇನು!” ಎಂದಳು ತಾಯಿ.

ಆ ಮಾತು ನಾದಿನಿಗೆ ಎಸೆದದ್ದು, ತಗಲಿದ್ದು ಮಗಳಿಗೆ. ಅದು ಮನೆಗೆ ಬಂದ ಮೇಲೂ ತಾಯಿಗೆ ಹೊಳೆಯಲಿಲ್ಲ. ಸತ್ಯ ಹೇಳಿದ ಸಮಾಧಾನದಲ್ಲಿ ಗಡದ್ದಾಗಿ ಊಟ ಮಾಡಿದಳು.

ಕೆಲವೇ ದಿನಗಳಲ್ಲಿ ಅಳಿಯ ಮುಖ ಬಾಡಿಸಿಕೊಂಡು ಬಂದ. ಮಗಳು ಇನ್ನೆಂದೂ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಳ್ಳುತ್ತಾಳಂತೆ, ಹಟ ಹಿಡಿದಿದ್ದಾಳೆ. ಇಷ್ಟು ಚಿಕ್ಕ ವಯಸ್ಸಿಗೆ ಬೇಡ, ತಡೆದು ನೋಡು ಎಂದು ಡಾಕ್ಟರ್ ಹೇಳಿದರೂ ಕೇಳಲಿಲ್ಲವಂತೆ. ಒಂದು ಜೀವಕ್ಕೆ ತಿಳಿದೂ ತಿಳಿದೂ ಈ ಕಾಯಿಲೆ ಕೊಡಲಾರೆ ಎನ್ನುತ್ತಾಳಂತೆ. ಬರುವ ವಾರಕ್ಕೆ ದಿನ ಗೊತ್ತಾಗಿದೆ. ಕುಕ್ಕರ್ ಫೋನ್ ಮಾಡಿದರೆ ಮಗಳು ಎತ್ತಲಿಲ್ಲ. ಅವಳು ಡಾಕ್ಟರಿಗೆ ಬೈದಳು, ಅಳಿಯನಿಗೆ ಗಂಡಸುತನವಿಲ್ಲವೆಂದಳು, ಇದೆಲ್ಲ ನಾದಿನಿ ತಲೆ ತಿರುಗಿಸಿದ್ದು ಎಂದಳು. ಬೈಯಲು ಯಾರೂ ಉಳಿಯದೆ ಇದ್ದಾಗ ಗೋಡೆಯ ಗಡಿಯಾರ ತಪ್ಪು ಹೊತ್ತು ತೋರಿಸುತ್ತಿದೆ ಎಂದು ಗಂಡನ ಮೇಲೆ ಹರಿಹಾಯ್ದಳು. ಅವನು ಕುರ್ಚಿ ಹತ್ತಿ ಸರಿ ಮಾಡಿದ.

ಮರುದಿನ ಪ್ರಯೋಗಾಲಯದಲ್ಲಿ, ಕನ್ನಡಕದ ಹುಡುಗಿ ಎಂದು ಕರೆಸಿಕೊಳ್ಳುವ ಸಂಶೋಧಕಿ ಗಾಜಿನ ಗೂಡಿನ ಮುಂದೆ ಕೂತಿದ್ದಳು. ಮೂರು ವರ್ಷದಿಂದ ಬೈಸಿಕೊಂಡು ಬೈಸಿಕೊಂಡು ಈಗ ಭಯವೇ ಹೋಗಿರುವ ಹುಡುಗಿ. ಅವಳು ಎಣಿಕೆಯ ಕೋಶಗಳ ಮೇಲೆ ಮೆತ್ತಗಿನ ದ್ರವ ಸುರಿಯುತ್ತಿದ್ದುದನ್ನು ಕುಕ್ಕರ್ ಕಂಡಳು. ಇವತ್ತು ಯಾರಾದರೂ ಸಿಗಲಿ ಎಂದೇ ಕಾದಿದ್ದಳೋ ಏನೋ, ಉಸಿರು ಸುಯ್ ಎಂದು ಹೊರಟಿತು. ಕೆರೆದೇ ಎಬ್ಬಿಸಬೇಕೆಂದು ಎಷ್ಟು ಸಲ ಹೇಳಬೇಕು, ತಲೆಯಲ್ಲಿ ಏನಿದೆ, ಕಣ್ಣಿಗೆ ಹಾಕಿದ ಗಾಜು ಮಿದುಳಿಗೂ ಹಾಕಿಸಿಕೊಳ್ಳಬಾರದೇ ಎಂದು ಶುರು ಮಾಡಿದಳು.

ಹುಡುಗಿ ತಲೆ ಎತ್ತದೆ ಹೇಳಿದಳು, “ಕೊಕ್ಕೆ ಕಳಚೋಕೇ ಹಾಕ್ತಿರೋದು ಮೇಡಂ. ಕೊಕ್ಕೆ ಇರೋ ಕೋಶ ಒಂದು ತಟ್ಟೆ, ಇಲ್ಲದ್ದು ಒಂದು ತಟ್ಟೆ, ಎರಡೂ ಬೇಕು ನನಗೆ.”

“ಅದು ಏನನ್ನೂ ಕತ್ತರಿಸಲ್ವಲ್ಲ.”

“ಕತ್ತರಿಸಲ್ಲ. ಕ್ಯಾಲ್ಸಿಯಂ ಹೀರಿಕೊಳ್ಳುತ್ತೆ. ಕೋಶ ತಟ್ಟೆ ಹಿಡ್ಕೊಂಡಿರೋದೂ ಕ್ಯಾಲ್ಸಿಯಂ ಬಲದಿಂದ, ನಮ್ಮ ಕೊಕ್ಕೆ ಕೋಶದ ಮೈ ಹಿಡ್ಕೊಂಡಿರೋದೂ ಅದರ ಬಲದಿಂದಲೇ. ಅದನ್ನ ತೆಗೆದ್ರೆ ಎರಡೂ ಬಿಟ್ಟುಹೋಗುತ್ತೆ. ಅದಕ್ಕೇ ಅಲ್ವಾ ಸರ್ ಕೆರೀರಿ ಅನ್ನೋದು.”

ಕುಕ್ಕರ್ ಆ ದ್ರವದ ಬಾಟಲಿ ಎತ್ತಿ ಅದರ ಮೇಲಿನ ಚೀಟಿಯನ್ನು ಎರಡು ಸಲ ಓದಿದಳು. ಹುಡುಗಿ ತಿರುಗಿ ನೋಡಿ, ಕೂತ್ಕೊಳ್ಳಿ ಮೇಡಂ ಎಂದು ಸ್ಟೂಲು ಎಳೆದಳು. ಅವಳು ಕೂರಲಿಲ್ಲ, ನೇರವಾಗಿ ಸರ್ ಕೋಣೆಗೆ ಹೋಗಿ, ಬಾಗಿಲು ಹಾಕದೆ, ಮಾಡಿದ್ದನ್ನೆಲ್ಲ ಹೇಳಿದಳು. ಯಾರ ಕೋಶವೆಂದು ತನಗೆ ಗೊತ್ತಿತ್ತು ಎಂದಳು, ಕೆರೆಯಲಿಲ್ಲ ಎಂದಳು, ಹೊರಗೆ ಹೇಳಿದ್ದೂ ತಾನೇ, ಅದನ್ನು ಕೇಳಿ ಮಗಳು ಆಪರೇಷನ್‌ಗೆ ಹೊರಟಿದ್ದಾಳೆ ಎಂದಳು. ಸರ್‌ಗೆ ಅಷ್ಟೊಂದು ಸಿಟ್ಟು ಬಂದದ್ದನ್ನು ಅವಳು ನೋಡಿರಲಿಲ್ಲ. ಅವರು ಕೂಗಲಿಲ್ಲ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನೀವು ಅವರನ್ನು ಏನು ಮಾಡುತ್ತಿದ್ದಿರಿ ಎಂದು ಮಾತ್ರ ಕೇಳಿದರು. ಜೀವಂತ ಹೂಳುತ್ತಿದ್ದೆ ಎಂದಳು. ಇನ್ನೊಂದು ತಟ್ಟೆ ಇದೆಯಲ್ಲ, ಹೋಗಿ ಸರಿಯಾಗಿ ಮಾಡಿ ಎಂದರು. ಕನ್ನಡಕದ ಹುಡುಗಿ ಮಾಡಲಿ, ನನ್ನ ಕೈ ನಂಬಬೇಡಿ ಎಂದಳು. ಅವರು ಒಪ್ಪಲಿಲ್ಲ. ನೀವೇ ಕೆರೆಯಿರಿ, ಹುಡುಗಿ ಪಕ್ಕದಲ್ಲಿ ನಿಲ್ಲಲಿ ಎಂದರು.

ಕೆರೆದಳು. ರಬ್ಬರಿನ ಅಂಚು ತಟ್ಟೆಗೆ ತಾಗಿ ಕಿರ್ ಎಂದಿತು. ಗುಲಾಬಿ ದ್ರವದಲ್ಲಿ ಕೋಶಗಳು ಚಿಂದಿಯ ಹಾಗೆ ಎದ್ದು ಬಂದವು. ಹಲ್ಲು ಕಚ್ಚಿಕೊಂಡು, ಒಂದು ಮೂಲೆಯನ್ನೂ ಬಿಡದೆ ಕೆರೆದಳು. ಮರಿ ಎನ್ನಲಿಲ್ಲ. ತನ್ನ ಮೇಲೆ ತನಗೆ ಬಂದ ಸಿಟ್ಟಿಗೆ ಕಡ್ಡಿ ಮುರಿಯುವುದೊಂದು ಬಾಕಿ. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಚುಕ್ಕೆಗಳು ಕಿಕ್ಕಿರಿದು ತುಂಬಿದವು. ಕೊಕ್ಕೆಗಳಿದ್ದವು, ಯಾರಿಗೂ ಕಡಿಮೆಯಿಲ್ಲದ ಹಾಗೆ. ಹೆಪ್ಪು ಬೇರೆ ಯಾವುದೋ ಕಾರಣಕ್ಕೆ ಬಂದಿದೆ, ಅದನ್ನು ಡಾಕ್ಟರ್ ಹುಡುಕಲಿ ಎಂದರು ಸರ್. ಅಷ್ಟೇ ಅಲ್ಲ, ಕೊಕ್ಕೆ ನಿಜವಾಗಿಯೂ ಇಲ್ಲದಿದ್ದರೂ ಒಬ್ಬಳ ತಟ್ಟೆ ನೋಡಿ ಅವಳ ಮಗುವಿನ ಹಣೆಬರಹ ಹೇಳಲು ನಮಗೆ ಬರುವುದಿಲ್ಲ ಎಂದರು. ಕೊನೆಯ ಮಾತು ಹೇಳುವಾಗ ಅವಳ ಮುಖ ನೋಡಲಿಲ್ಲ.

ಅವಳು ಬಿಳಿ ಕೋಟು ತೆಗೆಯುವುದನ್ನೂ ಮರೆತು ಬಸ್ಸು ಹತ್ತಿದಳು. ನಾದಿನಿಯ ಮನೆಯಲ್ಲಿ ಕೂಸುಗಳು ಮಲಗಿದ್ದವು. ಮಗಳು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು, ತೊಡೆಯ ಮೇಲೆ ಯಾರದೋ ಕೂಸೊಂದು ನಿದ್ದೆ ಹೋಗಿತ್ತು. ಕುಕ್ಕರ್ ಬಾಗಿಲಲ್ಲೇ ನಿಂತು ಹೇಳಿದಳು. ಮೊದಲ ಬಾರಿಗೆ ಅವಳ ಗಂಟಲು ತಗ್ಗಿತ್ತು, ಕೂಸುಗಳಿಗೆ ಎಚ್ಚರವಾಗದಿರಲಿ ಎಂದಲ್ಲ. ಕೊಕ್ಕೆ ಇದೆ ಎಂದಳು. ತಪ್ಪು ನಿನ್ನ ರಕ್ತದ್ದಲ್ಲ ಎಂದು ಮಗಳಿಗೆ, ನಿಮ್ಮ ಮನೆಯದೂ ಅಲ್ಲ ಎಂದು ನಾದಿನಿಗೆ ಹೇಳಿದಳು, ತಪ್ಪಾಯಿತು ಎಂದಳು. ಕೆರೆದರೆ ನೋವಾದೀತೆಂದು ಕೈ ಬರಲಿಲ್ಲ, ಅದಕ್ಕೇ ಆ ದ್ರವ ಹಾಕಿದೆ, ಅದರಲ್ಲೇ ಎಲ್ಲ ಕಳಚಿಹೋಯಿತು ಎಂದಳು. ಆಪರೇಷನ್ ಬೇಡ ಎಂದಳು.

ನಾದಿನಿ ಅಳತೊಡಗಿದಳು. ಮಗಳು ಅಳಲಿಲ್ಲ. ತೊಡೆಯ ಮೇಲಿನ ಕೂಸನ್ನು ಮೆಲ್ಲಗೆ ಚಾಪೆಯ ಮೇಲೆ ಮಲಗಿಸಿದಳು, ಹೊದಿಕೆ ಎಳೆದಳು. ಆಮೇಲೆ ತಾಯಿಯ ಕಡೆ ತಿರುಗಿದಾಗ ಅವಳ ಮೂಗಿನಿಂದ ಸುಯ್ ಎಂದು ಉಸಿರು ಹೊರಟಿತು. ಅದು ಯಾರಿಂದ ಬಂದದ್ದೆಂದು ಕೇಳಬೇಕಾಗಿರಲಿಲ್ಲ.

“ತಟ್ಟೆಯಲ್ಲಿದ್ದ ನನ್ನ ಕೋಶಕ್ಕೆ ನೋವಾಗುತ್ತೆ ಅಂತ ನಿನಗೆ ಕೈ ಬರ್ಲಿಲ್ಲ. ಇದೇ ಬಾಗಿಲಲ್ಲಿ ನಿಂತು ಮಗು ಬಗ್ಗೆ ಕೇಳಿದೆನಲ್ಲ ಅಮ್ಮ, ಆಗ ಮತ್ತಿನ್ನೇನು ಅನ್ನೋಕೆ ಬಾಯಿ ಹೇಗೆ ಬಂತು?”

ಕುಕ್ಕರ್ ಅವಳ ಎದುರಿಗೆ ನೆಲದ ಮೇಲೆ ಕೂತಳು. ಊದಿದ ಕಾಲಿನ ಹತ್ತಿರ ಕೈ ಚಾಚಿದಳು, ಮುಟ್ಟಲು ಧೈರ್ಯವಾಗದೆ ಚಾಪೆಯ ಅಂಚು ಹಿಡಿದಳು. ಬೆಳಿಗ್ಗೆ ಎದ್ದರೆ ತಟ್ಟೆಗಳಿಗೆ ಹೇಳುವ ಮರಿ ಎಂಬ ಮಾತೊಂದಿತ್ತು, ಅಲ್ಲಿ ಅದು ಸಲೀಸಾಗಿ ಬರುತ್ತಿತ್ತು. ಬಾಯಿ ತೆರೆದಳು. ಬರಲಿಲ್ಲ.